ದೊಡ್ಡತ್ತೆಯ ಪೂರ್ತಿ ಹೆಸರು

ಆಸ್ಪತ್ರೆ, ಕಚೇರಿಗಳಲ್ಲಿ ಟೋಕನ್ ಕೊಟ್ಟು ಸರದಿ ಬಂದಾಗ ಹೆಸರು ಕೂಗುವ ಯಂತ್ರಗಳನ್ನು ತಯಾರಿಸುವ ಸಣ್ಣ ಕಂಪನಿ ಅದು. ಯಂತ್ರದೊಳಗಿನ ಸಿ ಭಾಷೆಯ ಕೋಡನ್ನೆಲ್ಲ ಬರೆದವರು ಮೀಸೆ ಸರ್. ಮೀಸೆ ತೆಗೆದು ಎಷ್ಟೋ ಕಾಲವಾಗಿದ್ದರೂ ಹೆಸರು ಉಳಿದುಕೊಂಡಿತ್ತು. ಆ ಕೋಡಿನಲ್ಲಿ ಕಿಡಿಗೇಡಿಗಳು ನುಸುಳುವಂಥ ಸಂದುಗಳಿವೆಯೇ ಎಂದು ಹುಡುಕಲು ಹೊಸದಾಗಿ ಸೇರಿದವಳು ಪರೀಕ್ಷಕಿ. ಕೋಡನ್ನು ಸಾಲುಸಾಲಾಗಿ ಓದಿ, ಅನುಮಾನ ಬಂದಲ್ಲೆಲ್ಲ ಗುರುತು ಹಾಕುವ ಸ್ಕ್ಯಾನರ್ ತಂತ್ರಾಂಶವೊಂದು ಅವಳ ಬಳಿಯಿತ್ತು.

ಮೊದಲ ದಿನವೇ ಸ್ಕ್ಯಾನರ್ ಪರದೆ ತುಂಬ ಕೆಂಪು ಬಳಿದಿಟ್ಟಿತು. ಮೀಸೆ ಸರ್ ಕುರ್ಚಿ ಎಳೆದುಕೊಂಡು ಬಂದು ಕೂತರು.

“ಇದೂ ನಮ್ಮ ಮಾವನ ಥರಾನೇ ಕಣಮ್ಮ. ಬೀಗ ಹಾಕಿ ಬಂದ್ಮೇಲೂ ವಾಪಸ್ ಹೋಗಿ ಎಳೆದು ನೋಡ್ತಾರೆ.”

ಅವರು ಹೇಳಿದ್ದು ಬಹುಪಾಲು ನಿಜವೇ. ತೆರೆದು ನೋಡಿದರೆ ಹೆಚ್ಚಿನ ಗುರುತುಗಳು ಬರೀ ಗಾಬರಿ. ಅವನ್ನೆಲ್ಲ ಅಳಿಸುತ್ತ ಬಂದ ಪರೀಕ್ಷಕಿ ಒಂದು ಕಡೆ ನಿಂತಳು.

“ಸರ್, ಜನ ಟೈಪ್ ಮಾಡಿದ ಹೆಸರನ್ನ ಇಲ್ಲಿ ನಕಲು ಮಾಡ್ತೀರಿ. ಇಟ್ಟಿರೋ ಜಾಗ ಮೂವತ್ತೆರಡು ಅಕ್ಷರಕ್ಕೆ. ಹೆಸರು ಎಷ್ಟುದ್ದ ಅಂತ ಎಲ್ಲೂ ಕೇಳೇ ಇಲ್ಲ.”

“ಅಷ್ಟುದ್ದದ ಹೆಸರು ಯಾರಿಗಿರುತ್ತೆ?”

“ನಮ್ಮ ದೊಡ್ಡತ್ತೆಗೆ.”

ದೊಡ್ಡತ್ತೆ ಅವಳ ಅಪ್ಪನ ಅಕ್ಕ. ಹುಟ್ಟಿದ ಮಗುವಿಗೆ ತಾವು ಹೇಳಿದ ಹೆಸರೇ ಆಗಬೇಕೆಂದು ಎರಡೂ ಕಡೆಯ ಅಜ್ಜಿಯರು ಪಟ್ಟು ಹಿಡಿದಿದ್ದರಂತೆ. ಯಾರೂ ಜಗ್ಗದಿದ್ದಾಗ ಮಗುವಿನ ತಾತ ಎರಡನ್ನೂ ಪೋಣಿಸಿ, ತನ್ನದೂ ಒಂದಿರಲಿ ಎಂದು ಮೂರನೆಯದನ್ನು ಸೇರಿಸಿಬಿಟ್ಟಿದ್ದರು. ಶಾಲೆಯಿಂದ ಬ್ಯಾಂಕಿನವರೆಗೆ ಎಲ್ಲರೂ ಅದನ್ನು ಮೊಟಕು ಮಾಡಿದವರೇ.

ಪರೀಕ್ಷಕಿ ಕರೆದಳೆಂದು ಮರುದಿನ ದೊಡ್ಡತ್ತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಿಳಿದರು. ಪರೀಕ್ಷೆಯ ಕೋಣೆಯಲ್ಲಿ ನಿಜದ ಕಚೇರಿಯಂತೆಯೇ ಕುರ್ಚಿ, ಕೌಂಟರ್, ಗೋಡೆಗೆ ಬೋರ್ಡು ಎಲ್ಲವೂ ಇದ್ದವು. ಅವರು ಯಂತ್ರದ ಮುಂದೆ ನಿಂತು ಒಂದೇ ಬೆರಳಿನಲ್ಲಿ ಒತ್ತತೊಡಗಿದರು. ಮೀಸೆ ಸರ್ ಕೈಕಟ್ಟಿ ನಸುನಗುತ್ತಿದ್ದರು.

“ಆಯ್ತಾ ಅತ್ತೆ?” ಎಂದಳು ಪರೀಕ್ಷಕಿ.

“ಇರೇ, ಇನ್ನೂ ಮೊದಲನೇ ಅಜ್ಜಿ ಹತ್ರಾನೇ ಇದೀನಿ.”

ಕೊನೆಗೆ ಹಸಿರು ಗುಂಡಿ ಒತ್ತಿದರು. ಹೆಸರಿನ ಅಕ್ಷರಗಳು ಯಂತ್ರದೊಳಗೆ ತಮ್ಮ ಜಾಗ ತುಂಬಿ, ಪಕ್ಕದ ಟೋಕನ್ ಸಂಖ್ಯೆಯ ಜಾಗಕ್ಕೂ ಚೆಲ್ಲಿದವು. ಯಂತ್ರ ಕೋಟಿಗಟ್ಟಲೆಯ ಯಾವುದೋ ಸಂಖ್ಯೆಯನ್ನು ಗಂಭೀರವಾಗಿ ಕೂಗಿ, ಗಂಟೆ ಬಾರಿಸತೊಡಗಿತು. ನಿಲ್ಲಿಸಲೇ ಇಲ್ಲ. ಬೆಂಕಿ ಬಿದ್ದಿದೆಯೆಂದುಕೊಂಡು ಅಕೌಂಟ್ಸ್‌ನವರು ಮೆಟ್ಟಿಲಿಳಿದು ಓಡಿದರು. ಮೀಸೆ ಸರ್ ಪ್ಲಗ್ಗನ್ನೇ ಕಿತ್ತರು.

“ನಾನೇನೂ ಕೀಟಲೆ ಮಾಡ್ಲಿಲ್ಲಪ್ಪ. ಇದ್ದಿದ್ದನ್ನೇ ಬರೆದೆ.”

“ಇಲ್ಲಮ್ಮ, ನಿಮ್ಮದೇನೂ ತಪ್ಪಿಲ್ಲ,” ಎಂದರು ಮೀಸೆ ಸರ್, ಮುಖ ಸಣ್ಣದು ಮಾಡಿಕೊಂಡು.

“ಅತ್ತೆ ಪಾಪ ಹೆಸರು ಬರೆದ್ರು,” ಎಂದಳು ಪರೀಕ್ಷಕಿ. “ಒಳಗಿನ ಲೆಕ್ಕ ಗೊತ್ತಿರೋನು ಬೇಕೂಂತ ಬೇರೇನೋ ತುಂಬಿದ್ರೆ, ಯಂತ್ರ ಅವನು ಹೇಳಿದ ಹಾಗೆ ಕುಣಿಯುತ್ತೆ ಸರ್.”

ಮೀಸೆ ಸರ್ ತಲೆಯಾಡಿಸಿ ಅಲ್ಲೇ ಲ್ಯಾಪ್‌ಟಾಪ್ ತೆರೆದರು. “ಉದ್ದ ನೋಡಿ, ಹೆಚ್ಚಾದ್ರೆ ಕತ್ತರಿಸಿಬಿಡ್ತೀನಿ. ಈಗಲೇ ಮುಗಿಯುತ್ತೆ.”

ದೊಡ್ಡತ್ತೆಯ ಕಿವಿ ನೆಟ್ಟಗಾಯಿತು. “ಇಷ್ಟು ದೂರ ಬಸ್ಸಲ್ಲಿ ಬಂದಿದ್ದು ಇನ್ನೊಂದ್ಸಲ ಕತ್ತರಿಸಿಕೊಳ್ಳೋಕಾ?”

ಈಗಲೇ ಮುಗಿಯಬೇಕಿದ್ದ ಕೆಲಸ ಮಧ್ಯಾಹ್ನದವರೆಗೆ ಎಳೆಯಿತು. ಜಾಗ ದೊಡ್ಡದಾಯಿತು. ನಕಲು ಮಾಡುವ ಮೊದಲೇ ಉದ್ದ ಅಳೆಯುವ ಸಾಲು ಬಂತು. ಬೋರ್ಡಿನಲ್ಲಿ ಹಿಡಿಯದ ಹೆಸರು ಸರಿಯುತ್ತ ಹೋಗುವ ಏರ್ಪಾಡಾಯಿತು. ದೊಡ್ಡತ್ತೆ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಇಬ್ಬರಿಗೂ ತೊಳೆ ಕೊಡುತ್ತಿದ್ದರು. ಪರೀಕ್ಷಕಿ ಮತ್ತೆ ಸ್ಕ್ಯಾನರ್ ಓಡಿಸಿದರೆ ಅದೇ ಜಾಗದಲ್ಲಿ ಮತ್ತೊಂದು ಕೆಂಪು ಗುರುತು: ಹೆಸರು ಮುಗಿಯಿತೆಂದು ಯಂತ್ರಕ್ಕೆ ತಿಳಿಸಲು ಕೊನೆಯಲ್ಲಿ ಇಡುವ ಸೊನ್ನೆಗೆ ಜಾಗವೇ ಇಲ್ಲ.

“ಈ ಸಲ ಮಾವ ಬೀಗ ಎಳೆದಿದ್ದು ಒಳ್ಳೇದೇ ಆಯ್ತು,” ಎಂದು ಮೀಸೆ ಸರ್ ಅದನ್ನೂ ಸರಿಮಾಡಿದರು.

ದೊಡ್ಡತ್ತೆ ಮತ್ತೆ ಹೆಸರು ಬರೆದು, ಗುಂಡಿ ಒತ್ತಿ, ಹೋಗಿ ಕುರ್ಚಿಯಲ್ಲಿ ಕಾದು ಕೂತರು. ಬೋರ್ಡಿನ ಮೇಲೆ ಹೆಸರು ನಿಧಾನವಾಗಿ ಸರಿಯತೊಡಗಿತು. ಯಂತ್ರದ ದನಿ ಎಲ್ಲೂ ಎಡವದೆ ಅದನ್ನು ಕೊನೆಯವರೆಗೂ ಕೂಗಿತು.

“ಬಂದೆ,” ಎಂದು ದೊಡ್ಡತ್ತೆ ಚೀಲ ಎತ್ತಿಕೊಂಡು ಎದ್ದರು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಮೀಸೆ ಸರ್ ಲಗುಬಗೆಯಿಂದ ಸುತ್ತುಹಾಕಿ ಹೋಗಿ ಅದರ ಹಿಂದೆ ನಿಂತರು.

“ಹೇಳಿ ಅಮ್ಮ, ಏನಾಗಬೇಕಿತ್ತು?”

“ಏನಿಲ್ಲಪ್ಪ,” ಎಂದರು ದೊಡ್ಡತ್ತೆ. “ಇನ್ನೊಂದ್ಸಲ ಕರೀರಿ.”