ಹೂಂ ಅಂದ ಮೇಲೆ

ಬದುಕಿಡೀ ಹೊಲಿಗೆ ಯಂತ್ರ ತುಳಿದು ಮಗಳನ್ನು ದಡ ಸೇರಿಸಿದ ಟೈಲರಮ್ಮನಿಗೆ, ಯಾರಾದರೂ ಕೈ ಹಿಡಿದು ಎಬ್ಬಿಸಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೂ ಆ ಜಂಬ ಒಂದಿಷ್ಟೂ ಇಳಿದಿರಲಿಲ್ಲ. ಮಗಳೂ ಅಳಿಯನೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಾಗಾಗಿ, ಮನೆಗೇ ಜನ ಕಳಿಸಿ ಆರೈಕೆ ಮಾಡಿಸುವ ಕಂಪನಿಯಿಂದ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಬಂದವಳು ಬಾಗಿಲು ತುಂಬುವಂಥ ಆಳು. ಟೈಲರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಾರೇ ಗುಬ್ಬಿ" ಅಂದಳು. ಅವಳು ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ಗುಬ್ಬಿ ಅನ್ನುವುದೇ ಹೆಸರಾಯಿತು.

ಗುಬ್ಬಿಯದು ಒಂದು ಕ್ರಮ. ಎಬ್ಬಿಸುವ ಮೊದಲು ಎದುರಿಗೆ ನಿಂತು, ಟೈಲರಮ್ಮನ ಸೊಂಟಕ್ಕೆ ಕಟ್ಟಿದ ಅಗಲದ ಬೆಲ್ಟನ್ನು ಎರಡೂ ಕಡೆ ಹಿಡಿದು, "ಒಂದು... ಎರಡು..." ಅನ್ನುತ್ತಾಳೆ. ಮೂರು ಅನ್ನುವುದಿಲ್ಲ. ಟೈಲರಮ್ಮ "ಹೂಂ" ಅನ್ನಬೇಕು. ಅಲ್ಲಿಯವರೆಗೆ ಎತ್ತುವ ಹಾಗಿಲ್ಲ.

"ನಾನು ಹೂಂ ಅನ್ನದಿದ್ರೆ ಏನ್ ಮಾಡ್ತೀಯೇ?"

"ಹೀಗೇ ಬಗ್ಗಿ ನಿಂತಿರ್ತೀನಿ. ಕಂಪನಿ ರೂಲು ಅಮ್ಮ. ಮೈ ನಿಮ್ದು, ನೀವು ಹೇಳ್ದೆ ಮುಟ್ಟಂಗಿಲ್ಲ."

ಪರೀಕ್ಷೆ ಮಾಡಿಯೇ ಬಿಡೋಣವೆಂದು ಟೈಲರಮ್ಮ ಒಂದು ದಿನ ಬಾಯಿ ಬಿಗಿದು ಕೂತಳು. ಗುಬ್ಬಿ ಬಗ್ಗಿದವಳು ಬಗ್ಗಿಯೇ ಇದ್ದಳು. ಕೊನೆಗೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರವಿದ್ದ ಆ ಮುಖ ನೋಡಿ ಟೈಲರಮ್ಮನಿಗೇ ನಗು ತಡೆಯಲಾಗಲಿಲ್ಲ.

ಇಷ್ಟೆಲ್ಲ ಇದ್ದೂ ಕಳೆದ ವಾರ ಎಡವಟ್ಟಾಯಿತು. ಗುಬ್ಬಿ ಮಹಡಿಗೆ ಬಟ್ಟೆ ಒಣಹಾಕಲು ಹೋಗಿದ್ದಾಗ ಈ ಹಟಮಾರಿ ತಾನೇ ಎದ್ದು ಬಾತ್‌ರೂಮಿಗೆ ಹೋಗಿ ಜಾರಿ ಬಿದ್ದಳು. ಪುಣ್ಯಕ್ಕೆ ಮೊಣಕಾಲು ತರಚಿತಷ್ಟೆ.

"ಬಾಯಿ ಬಿಡ್ಬೇಡ ಕಣೇ, ನಿನ್ನ ಕೆಲಸಕ್ಕೇ ಕುತ್ತು" ಎಂದು ಟೈಲರಮ್ಮ ಗೋಗರೆದಳು.

"ಬಂದ್ರೆ ಬರ್ಲಿ. ಇವತ್ತು ಮುಚ್ಚಿಟ್ರೆ ನಾಳೆ ಇನ್ನೂ ಜೋರಾಗಿ ಬೀಳ್ತೀರಿ" ಎಂದು ಗುಬ್ಬಿ ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿಬಿಟ್ಟಳು.

ಇವತ್ತು ಆ ಆಫೀಸಿನ ಮೇಡಂ ತಪಾಸಣೆಗೆ ಬರುವವರಿದ್ದರು. ಗುಬ್ಬಿಯನ್ನು ತೆಗೆದುಹಾಕಿಬಿಟ್ಟರೆ? ಟೈಲರಮ್ಮನಿಗೆ ಬೆಳಗಿನಿಂದ ತುತ್ತು ಇಳಿದಿರಲಿಲ್ಲ. ತಾನು ಮಾಡಿದ ಅಧ್ವಾನವನ್ನು ತಾನೇ ಸರಿಮಾಡಬೇಕೆಂದು ಮನಸ್ಸಿನಲ್ಲೇ ಒಂದು ಉಪಾಯ ಹೂಡಿದಳು. ಗುಬ್ಬಿ ಬಾಗಿಲು ತೆಗೆಯಲು ಹೋದದ್ದೇ ತಡ, ಸೊಂಟದ ಬೆಲ್ಟು ಬಿಚ್ಚಿ ಪಕ್ಕದ ಮಂಚದ ದಿಂಬಿನ ಕೆಳಗೆ ತುರುಕಿದಳು.

ಮೇಡಂ ಬಾತ್‌ರೂಮಿನ ಹಿಡಿಕೆಗಳನ್ನು ಎಳೆದು ನೋಡಿದರು. ನೆಲದ ರಬ್ಬರ್ ಮ್ಯಾಟನ್ನು ಕಾಲಿನಿಂದ ಉಜ್ಜಿದರು, ಮಾತ್ರೆ ಡಬ್ಬಿ ತೆರೆದು ನೋಡಿದರು. ಆಮೇಲೆ ಬಂದು ಕೂತು, "ಹೋದ ವಾರ ಬಿದ್ರಂತೆ?" ಎಂದು ಕೇಳಿದರು.

"ಅಯ್ಯೋ, ಅದು ಚಪ್ಪಲಿ ತಪ್ಪು. ಎಸೆದೂ ಆಯ್ತು. ನಾನು ಹೇಗಿದ್ದೀನಿ, ನೀವೇ ನೋಡಿ!"

ಕುರ್ಚಿಯ ಕೈಗಳನ್ನು ಒತ್ತಿ ಟೈಲರಮ್ಮ ಒಬ್ಬಳೇ ಎದ್ದೇಬಿಟ್ಟಳು. ಓಡಿ ಬರಲು ಹೋದ ಗುಬ್ಬಿಯನ್ನು ಟೈಲರಮ್ಮ ಕಣ್ಣಲ್ಲೇ ಗದರಿಸಿ ನಿಲ್ಲಿಸಿದಳು. ವಾಕರ್ ಮುಟ್ಟದೆ ಮೇಜಿನವರೆಗೆ ನಡೆದು, ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಒಂದು ಹನಿಯೂ ಚೆಲ್ಲದೆ ತಂದು ಮೇಡಂ ಕೈಗಿಟ್ಟಳು. ಸೊಂಟದೊಳಗೆ ಗರಗಸ ಆಡಿದ ಹಾಗಾಗುತ್ತಿತ್ತು. ಮುಖದಲ್ಲಿ ಮಾತ್ರ ಮದುವೆಮನೆಯ ನಗು.

"ಎಲ್ಲಾ ಇವಳ ಆರೈಕೆ. ಪೂರ್ತಿ ಮಾರ್ಕು ಕೊಟ್ಬಿಡಿ" ಎಂದು ಕುರ್ಚಿಗೆ ಕುಸಿದಳು.

ಮೇಡಂಗೆ ಖುಷಿಯೋ ಖುಷಿ. "ಇಷ್ಟು ಚೆನ್ನಾಗಿ ಓಡಾಡ್ತೀರಾ ಅಂದ್ಮೇಲೆ ಇಡೀ ದಿನ ಜನ ಯಾಕಮ್ಮಾ? ಸ್ನಾನದ ಹೊತ್ತಿಗೆ ಯಾರಾದ್ರೂ ಬಂದು ಹೋದ್ರೆ ಸಾಕು. ಇವರನ್ನ ಹಾಸಿಗೆ ಹಿಡಿದಿರೋರ ಮನೆಗೆ ಕಳಿಸ್ತೀವಿ, ನಾಳೆಯಿಂದಾನೇ."

ಟೈಲರಮ್ಮ ಗುಬ್ಬಿಯ ಕಡೆ ತಿರುಗಿದಳು.

"ಮೇಡಂ, ಅಮ್ಮ ದಿನಾ ಹೀಗೆ ನಡಿಯಲ್ಲ..." ಎಂದು ಗುಬ್ಬಿ ಬಾಯಿ ತೆರೆದಳು.

"ನಾನೇ ಕಣ್ಣಾರೆ ನೋಡಿದ್ನಲ್ಲ" ಎಂದು ಮೇಡಂ ನಗುತ್ತಾ ಎದ್ದರು.

ಬೀಳ್ಕೊಡಲಾದರೂ ಏಳಬೇಕು. ಟೈಲರಮ್ಮ ಕುರ್ಚಿಯ ಕೈ ಒತ್ತಿದಳು. ಕಾಲು ಮಾತು ಕೇಳಲಿಲ್ಲ. ಸುಮ್ಮನೆ ಕೂತಿದ್ದರೆ ಮಾನ ಉಳಿಯುತ್ತಿತ್ತು, ಗುಬ್ಬಿ ಹೋಗುತ್ತಿದ್ದಳು. ಗಂಡ ಸತ್ತಾಗ ಕೂಡ ಯಾರ ಮುಂದೆಯೂ ಕೈ ಚಾಚದವಳು ಬಾಯಿ ಬಿಟ್ಟಳು.

"ಒಂದ್ನಿಮಿಷ ನಿಲ್ಲಿ ತಾಯಿ. ಇವಳನ್ನ ಕೆಲಸದಿಂದ ತೆಗೀತೀರ ಅಂತ ಹೆದರಿ ನಾನು ನಾಟಕ ಆಡಿದೆ."

ಮೇಡಂ ಬಾಗಿಲಲ್ಲೇ ನಿಂತರು.

"ಆ ಚಪ್ಪಲಿ ಪಾಪ, ಏನೂ ಮಾಡಿಲ್ಲ. ಇವಳನ್ನ ಕೂಗೋಕೆ ನಾಚ್ಕೆ ಆಯ್ತು, ಅದಕ್ಕೇ ಬಿದ್ದೆ. ಅವತ್ತಿಂದ ನಂಗೆ ಭಯ. ನೆಲ ನೋಡಿದ್ರೆ ಭಯ ಆಗುತ್ತೆ. ಇವಳು ಎದುರಿಗೆ ನಿಂತ್ರೆ ಮಾತ್ರ ಇಲ್ಲ." ಕುರ್ಚಿಯ ಕೈ ಮತ್ತೆ ಒತ್ತಿದಳು. "ಈಗ ಏಳೋಕೂ ಆಗ್ತಿಲ್ಲ, ನೋಡಿ."

ಗುಬ್ಬಿ ಬಂದು ದಿಂಬಿನ ಕೆಳಗೆ ಕೈ ಹಾಕಿ ಬೆಲ್ಟು ತೆಗೆದಳು. ಅದು ಅಲ್ಲಿದೆಯೆಂದು ಅವಳಿಗೆ ಯಾವಾಗಲೋ ಗೊತ್ತಿತ್ತು. ಸೊಂಟಕ್ಕೆ ಕಟ್ಟಿ, ಬಗ್ಗಿ ನಿಂತು, "ಒಂದು... ಎರಡು..." ಅಂದಳು.

ಹೊರಗಿನವರಾದ ಮೇಡಂ ನೋಡುತ್ತಾ ನಿಂತಿದ್ದರು. ಟೈಲರಮ್ಮ ಕಣ್ಣೊರೆಸಿಕೊಂಡು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ "ಹೂಂ!" ಅಂದಳು.

ಅವಳು ಎದ್ದು ನಿಂತ ಮೇಲೆ ಮೇಡಂ ಒಳಗೆ ಬಂದು ಅವಳ ಭುಜ ಸವರಿದರು. "ಇವರು ಇಲ್ಲೇ ಇರ್ತಾರೆ, ಇಡೀ ದಿನ. ಇವರನ್ನ ತೆಗೀತೀವಿ ಅಂತ ಯಾರು ಹೇಳಿದ್ರಮ್ಮಾ ನಿಮ್ಗೆ? ಬಿದ್ದಿದ್ದನ್ನ ಮುಚ್ಚಿಡದೆ ತಕ್ಷಣ ಹೇಳೋರು ನಮಗೆ ಸಿಗೋದೇ ಕಷ್ಟ."

ಟೈಲರಮ್ಮ ತಬ್ಬಿಬ್ಬಾಗಿ ಗುಬ್ಬಿಯನ್ನು ನೋಡಿದಳು. ಇದಕ್ಕಾ ಇಷ್ಟೊಂದು ಪಾಡು ಪಟ್ಟಿದ್ದು! ಮೇಡಂ ಹೋದರು. ಗುಬ್ಬಿ ಬೆಲ್ಟು ಹಿಡಿದೇ ಇದ್ದಳು, ಇಬ್ಬರೂ ಹಾಗೇ ನಿಂತಿದ್ದರು.

"ಸಾಕು ಬಿಡೇ, ನೆಟ್ಟಗೆ ನಿಂತಿದ್ದೀನಲ್ಲ."

"ಹೂಂ" ಅಂದಳು ಗುಬ್ಬಿ. ಕೈ ಬಿಡಲಿಲ್ಲ. ಟೈಲರಮ್ಮ ಇನ್ನೊಂದು ಸಲ ಹೇಳಲೂ ಇಲ್ಲ.