ಎಲೆಗಳ ಮೇಲೆ ಕೂತ ಬಿಳಿಪುಡಿ

ಸೊಸೆ ಮಾಲಿನಿ ಗುಬ್ಬಿಗೆ ಹೊರಟ ದಿನ ಮೀನು ಸಾಕಿದ ಗಾಜಿನ ತೊಟ್ಟಿಯ ಗಿಡಗಳಲ್ಲಿ ಒಂದೇ ಒಂದು ಎಲೆಗೂ ಕುಂದಿರಲಿಲ್ಲ. ಕಾಲು ಮುರಿದುಕೊಂಡ ತಾಯಿಯನ್ನು ನೋಡಿಕೊಳ್ಳಲು ಅವಳು ತವರಿಗೆ ಹೋಗಿ ಹದಿನೆಂಟು ದಿನವಾಗಿತ್ತು. ಅಷ್ಟರಲ್ಲೇ ಕತ್ತಿಯಂಥ ಉದ್ದೆಲೆಯ ಗಿಡಗಳು ಹಳದಿಗೆ ತಿರುಗಿದ್ದವು. ಸಣ್ಣೆಲೆಯವು ಬೆಂದ ಸೊಪ್ಪಿನಂತೆ ಕರಗುತ್ತಿದ್ದವು. ಮಿಕ್ಕವುಗಳ ಮೇಲೆಲ್ಲ ಬಿಳಿಪುಡಿ ಕೂತಿತ್ತು. ಮೀನುಗಳು ಹೇಗೋ ಓಡಾಡಿಕೊಂಡಿದ್ದವು. ಬಸವಲಿಂಗಮ್ಮ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತು, ಬಗ್ಗಿ ನೋಡಿದರು. ಯಾರೋ ಏನೋ ಹಾಕುತ್ತಿದ್ದಾರೆ, ಅನುಮಾನವೇ ಇಲ್ಲ.

ಯಾರು ಅನ್ನುವುದೊಂದು ಗೊತ್ತಾಗಬೇಕಿತ್ತು, ಅದೂ ಭಾನುವಾರದೊಳಗೆ. ಭಾನುವಾರ ಮಾಲಿನಿ ತುಮಕೂರಿಗೆ ವಾಪಸು ಬರುತ್ತಾಳೆ. ಬಂದವಳು ಮೊದಲು ತೊಟ್ಟಿ ನೋಡುತ್ತಾಳೆ, ಆಮೇಲೆ ಅತ್ತೆಯ ಮುಖ ನೋಡುತ್ತಾಳೆ. ಎರಡು ವರ್ಷದ ಹಿಂದೆ ಈ ತೊಟ್ಟಿ ಮನೆಗೆ ಬಂದಾಗ, ಲಿಂಗ ಕಟ್ಟಿದವರ ಮನೆಯಲ್ಲಿ ಮೀನು ಸಾಕುವುದುಂಟೇ ಎಂದು ಬೀಗರ ಎದುರಿಗೇ ಆಡಿದವರು ಬಸವಲಿಂಗಮ್ಮ. ಆಮೇಲೆ ಗಿಡಗಳು ಹಬ್ಬಿದವು. ಸೊಸೆ ಅವನ್ನು ಕತ್ತರಿಸಿ, ಕಟ್ಟು ಕಟ್ಟಿ, ಅನಂತರಾಜುವಿನ ಸಾಕುಮೀನಿನ ಅಂಗಡಿಗೆ ಕೊಡತೊಡಗಿದಳು. ಸಂಜೆ ಲೈಟು ಹಾಕಿದಾಗ ಎಲೆಯ ತುದಿಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುವುದನ್ನು ನೋಡುತ್ತ ಬಸವಲಿಂಗಮ್ಮ ಒಲೆಯ ಮೇಲಿನ ಸಾರು ಮರೆತದ್ದೂ ಉಂಟು. ಅದನ್ನು ಮಾತ್ರ ಸೊಸೆಗೆ ಹೇಳಿರಲಿಲ್ಲ. ಅಂದು ಆಡಿದ ಮಾತಷ್ಟೇ ಅವಳ ಕಿವಿಯಲ್ಲಿ ಉಳಿದಿತ್ತು.

ಹೋಗುವಾಗ ಮಾಲಿನಿ ಒಂದು ಹಾಳೆಯಲ್ಲಿ ಎಲ್ಲ ಬರೆದಿಟ್ಟಿದ್ದಳು. ದಿನಕ್ಕೆ ಏಳು ಗಂಟೆ ಲೈಟು. ಕೊಳೆತ ಎಲೆಯನ್ನು ಬುಡಕ್ಕೆ ಕತ್ತರಿಸಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಕ್ಯಾನಿನ ನೀರು ತುಂಬಬೇಕು, ಬೋರಿನ ನೀರು ಕೂಡದು. ಬೇರೇನೂ ಹಾಕಬಾರದು. ಬಸವಲಿಂಗಮ್ಮ ಒಂದಕ್ಷರ ತಪ್ಪದೆ ಹಾಗೇ ನಡೆದುಕೊಂಡಿದ್ದರು.

ಮೊದಲು ಮಗ ಸಂಗಮೇಶನನ್ನು ಹಿಡಿದರು. ಕುಣಿಗಲ್ಲಿನ ಶಾಲೆಗೆ ಏಳರ ಬಸ್ಸು ಹಿಡಿಯುವವನು. ತೊಟ್ಟಿಯ ಹತ್ತಿರ ಸುಳಿಯಲೂ ತನಗೆ ಪುರಸೊತ್ತಿಲ್ಲವೆಂದ. ಆಮೇಲೆ ಅನಂತರಾಜುವನ್ನೇ ಕರೆಸಿದರು. ಅವನು ಒಂದು ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿದ. ಅದು ನೇರಳೆಗೆ ತಿರುಗಿತು. ಈ ಗಿಡಗಳಿಗೆ ಮೆತ್ತಗಿನ ನೀರು ಬೇಕು, ಇದು ಗಡಸಾಗಿಬಿಟ್ಟಿದೆ ಎಂದು ತಲೆ ಕೆರೆದುಕೊಂಡ.

"ಅಮ್ಮ, ಯಾರಾದ್ರೂ ಸುಣ್ಣ ಗಿಣ್ಣ ಹಾಕಿದಾರಾ?"

ಸುಣ್ಣ! ಬಸವಲಿಂಗಮ್ಮನವರ ಮನಸ್ಸು ನೆಟ್ಟಗೆ ಕೊಲ್ಲಾಪುರಮ್ಮನ ಸೊಂಟಕ್ಕೆ ಹೋಯಿತು. ಗೂಳೂರಿನಿಂದ ಮನೆಗೆಲಸಕ್ಕೆ ಬರುವ ಅವಳು ಎಲೆಅಡಿಕೆಯ ಚೀಲವನ್ನೂ ಸುಣ್ಣದ ಡಬ್ಬಿಯನ್ನೂ ಸೊಂಟ ಬಿಟ್ಟು ಇಳಿಸಿದ್ದೇ ಇಲ್ಲ. ಪಾತ್ರೆ ಸೋಪಿನಲ್ಲಿ ತೊಟ್ಟಿಯ ಗಾಜು ಒರೆಸಿದಳೆಂದು ಕಳೆದ ತಿಂಗಳು ಮಾಲಿನಿ ಅವಳನ್ನು ಗದರಿದ್ದಳು ಬೇರೆ.

ಬಸವಲಿಂಗಮ್ಮ ದುಡುಕಲಿಲ್ಲ. ಎರಡು ದಿನ ಹಾಲಿನಲ್ಲೇ ಕೂತು ಅವರೆಕಾಯಿ ಸುಲಿದರು. ಕಣ್ಣು ಮಾತ್ರ ಕಾಯಿಯ ಮೇಲಿರಲಿಲ್ಲ. ಕೊಲ್ಲಾಪುರಮ್ಮ ಕಸ ಗುಡಿಸುತ್ತ ಬಂದು ತೊಟ್ಟಿಯ ಹತ್ತಿರ ನಿಲ್ಲುವಳು, ಬಗ್ಗಿ ಇಣುಕುವಳು, ಇವರು ನೋಡಿದ ಕೂಡಲೇ ಸರಸರನೆ ಮುಂದಕ್ಕೆ ಹೋಗುವಳು. ಮೂರನೆಯ ದಿನವೂ ಅದೇ ಆಯಿತು.

"ಕೊಲ್ಲಾಪುರಮ್ಮ, ನಿನ್ ಸುಣ್ಣದ ಡಬ್ಬಿ ಇಲ್ಲಿಡು."

"ಯಾಕ್ರಮ್ಮೋರೆ, ನೀವೂ ಎಲೆ ಹಾಕಕ್ಕೆ ಸುರು ಮಾಡಿದ್ರಾ?"

"ತಮಾಷೆ ಬ್ಯಾಡ. ತೊಟ್ಟಿಗೆ ಏನ್ ಹಾಕ್ತಿದೀಯ, ಹೇಳ್ಬುಡು."

ಕೊಲ್ಲಾಪುರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನಾನಾ? ದಿನಾ ಬೆಳಿಗ್ಗೆ ಬಟ್ಲು ತಂದು ಬಗ್ಸೋರು ನೀವು. ನನ್ನ ಕೇಳ್ತೀರಲ್ಲ."

"ಅದು ತೀರ್ಥ ಕಣೇ."

"ಏನಾರ ಆಗ್ಲಿ, ಮಜ್ಜಿಗೆ ಇದ್ದಂಗೆ ಬೆಳ್ಳಗಿರ್ತದೆ. ಮೀನು ಕುಡಿತವೋ ಇಲ್ವೋ ಅಂತ ನಾನೂ ನೋಡ್ತಿದ್ದೆ, ಅಷ್ಟೇಯ."

ಬಸವಲಿಂಗಮ್ಮ ಪೂಜೆಯ ಬಟ್ಟಲಿನ ಕಡೆ ತಿರುಗಿ ನೋಡಿದರು. ಬೆಳಿಗ್ಗೆ ಪೂಜೆಯಲ್ಲಿ ಅಂಗೈ ಮೇಲಿನ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಮತ್ತೆ ತೊಳೆದ ನೀರದು. ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಸೇರಬೇಕು. ಮಾಲಿನಿ ಇದ್ದಾಗ ಅವಳೇ ಬಟ್ಟಲನ್ನು ಕೆಳಗೆ ಒಯ್ದು ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಇವರ ಮಂಡಿ ಮೆಟ್ಟಿಲು ಇಳಿಯಲು ಒಪ್ಪಲಿಲ್ಲ. ಈ ಮಹಡಿಮನೆಯಲ್ಲಿ ಗಿಡವೆಂದರೆ ತೊಟ್ಟಿಯಲ್ಲಿದ್ದವೇ. ಬೇರೇನೂ ಹಾಕಬಾರದು ಎಂದು ಓದುವಾಗ ತೀರ್ಥ ಆ 'ಬೇರೇನೂ' ಒಳಗೆ ಬರುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಆದರೂ ಒಂದು ಲೋಟ ಕ್ಯಾನಿನ ನೀರಿಗೆ ಚಿಟಿಕೆ ವಿಭೂತಿ ಕದಡಿದರು. ಅನಂತರಾಜು ಬಿಟ್ಟುಹೋಗಿದ್ದ ಪಟ್ಟಿಯೊಂದನ್ನು ಅದ್ದಿದರು. ಅದೇ ನೇರಳೆ; ವಿಭೂತಿಯೂ ಸುಣ್ಣದ ಪುಡಿಯೇ.

ಇನ್ನು ಮಾಲಿನಿಗೆ ಹೇಳಬೇಕು. ದಿನಕ್ಕೊಂದು ಬಟ್ಟಲಿನಂತೆ ಇಪ್ಪತ್ತೊಂದು ಬಟ್ಟಲು ಸುರಿದು ಗೊತ್ತಿಲ್ಲದೆ ಮಾಡಿದೆ ಅಂದರೆ ಯಾರು ನಂಬುತ್ತಾರೆ? ತಾವಾಗಿದ್ದರೆ ನಂಬುತ್ತಿರಲಿಲ್ಲ. ಆದರೂ ಫೋನು ಮಾಡಿ, ಏನೂ ಮುಚ್ಚಿಡದೆ ಹೇಳಿದರು.

"ಕೊಲ್ಲಾಪುರಮ್ಮ ಅಲ್ಲೇ ಇದಾಳಾ ಅತ್ತೆ? ಅವಳಿಗೆ ಕೊಡಿ."

ಗಳಿಗೆಯ ಹಿಂದೆ ಯಾರನ್ನು ಕಳ್ಳಿ ಮಾಡಿದ್ದರೋ ಅವಳ ಕೈಗೇ ಫೋನು ಕೊಡಬೇಕಾಯಿತು. ಕೊಲ್ಲಾಪುರಮ್ಮ ಎಲೆಅಡಿಕೆಯನ್ನು ಒಂದು ದವಡೆಗೆ ಒತ್ತರಿಸಿದಳು. ಇವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಹೂಂ ಕಣವ್ವ, ನಾನೇ ನೋಡೀನಿ. ತಲೆ ಮೇಲೆ ಸೆರಗು ಹೊದ್ದು, ಒಂದ್ ತೊಟ್ಟು ಆಚೆ ಬೀಳ್ದಂಗೆ ಹುಯ್ದು, ಆಮೇಲೆ ಕೈ ಮುಗೀತಿದ್ರು. ಕೇಡಿಗೆ ಹುಯ್ಯೋರು ಕೈ ಮುಗೀತಾರಾ?" ಇನ್ನಷ್ಟು ಕೇಳಿಸಿಕೊಂಡು ಇವರ ಕಡೆ ತಿರುಗಿದಳು. ಇವತ್ತೇ ಅರ್ಧ ನೀರು ಬದಲಿಸಬೇಕಂತೆ, ಬೆಳ್ಳಗಾದ ಎಲೆಯೆಲ್ಲ ಕತ್ತರಿಸಬೇಕಂತೆ, ಬುಡ ಗಟ್ಟಿಯಿದ್ದರೆ ಚಿಗುರುತ್ತವಂತೆ.

"ನನ್ ವಿಚಾರ ಏನಂದ್ಲು?"

"ಅದ್ನ ನೀವೇ ಕೇಳ್ಕಳಿ."

ಬಸವಲಿಂಗಮ್ಮ ಫೋನನ್ನು ಕಿವಿಗಿಟ್ಟುಕೊಂಡರು.

"ಅನಂತರಾಜು ಆವತ್ತೇ ನಂಗೆ ಫೋನ್ ಮಾಡಿದ್ರು ಅತ್ತೆ. ನೀವೇ ಏನೋ ಹಾಕಿದೀರಿ ಅಂತ ನಾನು ಅಂದ್ಕೊಂಡಿದ್ದೆ."

"ನೀನು ಸರಿಯಾಗೇ ಅಂದ್ಕೊಂಡಿದ್ದೆ ಕಣಮ್ಮ."

ಗುಬ್ಬಿಯ ಕಡೆಯಿಂದ ಬಂದದ್ದು ನಗುವೋ ಕೆಮ್ಮೋ ಅವರಿಗೆ ಖಚಿತವಾಗಲಿಲ್ಲ. ಫೋನು ಇಡದೆಯೇ, ಬಕೆಟ್ ತಾ ಎಂದು ಕೊಲ್ಲಾಪುರಮ್ಮನಿಗೆ ಕೈಸನ್ನೆ ಮಾಡಿದರು.