ಒಂದೂವರೆ ಚಮಚ ಉಪ್ಪು

ಮಗಳು ಸ್ನಾನಕ್ಕೆ ಹೋಗಿದ್ದಾಗ ನಾನು ಆ ಡಬ್ಬಿಯ ಮುಚ್ಚಳ ತೆರೆದೆ. ಮೂಳೆ, ಈರುಳ್ಳಿ, ಕ್ಯಾರೆಟ್ ಹಾಕಿ ಹಿಂದಿನ ದಿನವೆಲ್ಲ ಸಣ್ಣ ಉರಿಯಲ್ಲಿ ಕುದಿಸಿ, ನೊರೆ ತೆಗೆದು, ಬಟ್ಟೆಯಲ್ಲಿ ಸೋಸಿ ಅವಳು ತುಂಬಿಟ್ಟಿದ್ದ ಮೂರು ಲೀಟರ್ ರಸ. ಕಾಲೇಜಿನ ಅಡುಗೆ ಕೋರ್ಸಿನ ಕೊನೆಯ ಪರೀಕ್ಷೆ ಅವತ್ತು. ಅಷ್ಟು ಹೊತ್ತು ಕುದಿಸಲು ಅಲ್ಲಿ ಸಮಯ ಸಿಗುವುದಿಲ್ಲವೆಂದು ರಸವನ್ನು ಎಲ್ಲರೂ ಮನೆಯಿಂದಲೇ ಒಯ್ಯಬೇಕಿತ್ತು. ಚಮಚದ ತುದಿಯಲ್ಲಿ ನೆಕ್ಕಿ ನೋಡಿದೆ. ಸಪ್ಪೆ.

ಹೋದ ಸಲ ಅವಳು ಫೇಲಾದದ್ದು ಸೂಪಿಗೆ ಉಪ್ಪು ಮರೆತೇ. ಈ ಸಲವೂ ಹೋದರೆ ಮೂರನೆಯ ಅವಕಾಶವಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆಂದು ಒಂದು ಕೆಲಸ ಕಾದಿತ್ತು, ಸರ್ಟಿಫಿಕೇಟ್ ತಂದರೆ ಮಾತ್ರ. ಹೇಳಿದರೆ ಇನ್ನಷ್ಟು ಗಾಬರಿಯಾದಾಳು, ಪಾಪ, ಎಂದುಕೊಂಡು ಒಂದೂವರೆ ಚಮಚ ಉಪ್ಪು ಹಾಕಿ, ಕಲಕಿ, ಮುಚ್ಚಳ ಒತ್ತಿದೆ.

"ಹೋಗಿ ಬಾ ಪುಟ್ಟಾ, ಈ ಸಲ ಪಾಸಾಗ್ತೀಯ," ಎಂದೆ.

"ಅಬ್ಬಾ, ಮಾರ್ಕ್ಸ್ ಹಾಕೋರು ನೀನೇ ಅನ್ನೋ ಹಾಗೆ ಹೇಳ್ತೀಯಲ್ಲಮ್ಮ!" ಎಂದು ನಗುತ್ತಾ ಹೋದಳು.

ಬಟ್ಟೆ ನೆನೆಹಾಕಿ, ಒಲೆಯ ಹಿಂದಿನ ಗೋಡೆ ಒರೆಸುತ್ತಿದ್ದಾಗ ಅವಳು ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. 'ಸಾಸ್: ಮೂರು ಲೀಟರ್ ರಸ ಬತ್ತಿ ಒಂದೂವರೆ ಲೋಟ ಆಗಬೇಕು. ಅಲ್ಲಿಯವರೆಗೆ ಉಪ್ಪು ಬೇಡ.' ಬೇಡ ಎಂಬುದರ ಕೆಳಗೆ ಎರಡು ಗೆರೆ.

ನೀರೇನೋ ಆವಿಯಾಗುತ್ತದೆ. ಉಪ್ಪು ಎಲ್ಲಿಗೆ ಹೋಗುತ್ತದೆ?

ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಪರೀಕ್ಷೆಯ ದಿನ ಫೋನುಗಳನ್ನೆಲ್ಲ ಲಾಕರಿನಲ್ಲಿ ಇಡಿಸುತ್ತಾರೆಂದು ಆಮೇಲೆ ನೆನಪಾಯಿತು. ಒದ್ದೆ ಕೈಯಲ್ಲೇ ಬಾಗಿಲೆಳೆದುಕೊಂಡು ಓಡಿದೆ. ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ನಾನು ಸೀಟಿದ್ದರೂ ಕೂರದೆ, ನಿಂತರೆ ಬೇಗ ತಲುಪುತ್ತೇನೆಂಬಂತೆ ಬಾಗಿಲ ಬಳಿಯೇ ನಿಂತಿದ್ದೆ.

ಕಾಲೇಜಿನ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ತೊಳೆಯುವ ಹೆಂಗಸು ಅಡ್ಡ ಬಂದಳು.

"ಅಕ್ಕಾ, ಎಲ್ಲಿಗೆ ನುಗ್ತಿದೀರಾ? ಪರೀಕ್ಷೆ ನಡೀತಿದೆ."

"ಒಂದೇ ಒಂದು ಮಾತು ತಾಯಿ, ಮಗಳಿಗೆ ಹೇಳಿ ಬಂದ್ಬಿಡ್ತೀನಿ."

"ಒಂದು ಮಾತೂ ಇಲ್ಲ, ಅರ್ಧ ಮಾತೂ ಇಲ್ಲ. ನಿಮ್ಮನ್ನ ಬಿಟ್ರೆ ಮೀಸೆ ಮೇಷ್ಟ್ರು ನನ್ನನ್ನೇ ಹುರಿದು ತಟ್ಟೆಗೆ ಹಾಕ್ತಾರೆ."

ಬಾಗಿಲಿನ ಗಾಜಿನಲ್ಲಿ ಇಣುಕಿದೆ. ಬಿಳಿ ಟೋಪಿ ಹಾಕಿಕೊಂಡು ಮಗಳು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದಳು. ರಸ ಆಗಲೇ ಬತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಗಾಜು ತಟ್ಟಿದೆ. ತಲೆಯೆತ್ತಿದಳು. ಬೆರಳು ಕೂಡಿಸಿ ಉಪ್ಪು ಉದುರಿಸಿದ ಹಾಗೆ ಮಾಡಿ ತೋರಿಸಿದೆ. ಮುಖವರಳಿಸಿ, ಮರೆತಿಲ್ಲಮ್ಮ ಎಂಬಂತೆ ತಲೆಯಾಡಿಸಿ, ಉಪ್ಪಿನ ಡಬ್ಬಿಗೆ ಕೈ ಚಾಚಿದಳು!

ಎರಡೂ ಕೈ ಬೀಸಿದೆ. ಬೇಡ, ಬೇಡ. ಕೈ ಅಲ್ಲೇ ನಿಂತಿತು. ನನ್ನನ್ನು ನೋಡಿದಳು, ಬಾಣಲೆಯನ್ನು ನೋಡಿದಳು, ಚಮಚ ಅದ್ದಿ ನಾಲಿಗೆಗಿಟ್ಟಳು.

ಆ ಮುಖವನ್ನು ನಾನು ನೋಡಬಾರದಿತ್ತು.

ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಉಳಿದಿತ್ತು. ಅವಳು ಒಲೆ ಆರಿಸಿ, ಬೆಂದ ಆಲೂಗಡ್ಡೆ, ಮಾಂಸಗಳನ್ನು ತಟ್ಟೆಯಲ್ಲಿ ಜೋಡಿಸಿ, ಅಂಚು ಒರೆಸಿ, ಸಾಸ್ ಹಾಕದೆಯೇ ಮುಂದಿಟ್ಟಳು. ಪಾತ್ರೆಯ ಹೆಂಗಸು ನನ್ನ ಮುಖ ನೋಡಿ, ಏನೂ ಕೇಳದೆ ಬಾಗಿಲನ್ನು ಗೇಣಗಲ ಸರಿಸಿದಳು.

"ಸಾಸ್ ಎಲ್ಲಮ್ಮಾ?" ಮೀಸೆ ಮೇಷ್ಟ್ರು ಕೇಳಿದರು.

"ಕೆಟ್ಟೋಯ್ತು ಸರ್. ಉಪ್ಪು ಜಾಸ್ತಿ. ತಿನ್ನೋಕಾಗಲ್ಲ."

"ರಸಕ್ಕೇ ಉಪ್ಪು ಹಾಕಿದ್ಯಾರು?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ನಾನೇ ಸರ್."

"ಸುಳ್ಳು ಸರ್! ನಾನು ಹಾಕಿದ್ದು, ಅವಳಿಗೆ ಗೊತ್ತೇ ಇಲ್ಲ, ದಮ್ಮಯ್ಯ ಅಂತೀನಿ..." ಬಾಗಿಲ ಸಂದಿಯಿಂದಲೇ ಕೂಗಿದೆ.

ಅವರು ಗದರಲಿಲ್ಲ. "ಅಮ್ಮಾ, ಯಾರೇ ಹಾಕಿರ್ಲಿ. ಒಲೆ ಮೇಲಿಡೋ ಮುಂಚೆ ರುಚಿ ನೋಡ್ಬೇಕಾಗಿದ್ದು ಇವಳು," ಎಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಒಲೆಗೆ ಹೋದರು. ಮಧ್ಯಾಹ್ನ ಫಲಿತಾಂಶ ಹಾಕಿದರು. ಪಾಸಾಗಲು ನಾಲ್ಕು ಅಂಕ ಕಡಿಮೆ.

ಬಸ್ಸಿನಲ್ಲಿ ಅವಳು, ಬತ್ತಿದ ರಸವನ್ನು ಮತ್ತೆ ತುಂಬಿಕೊಂಡಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬೈದಾದ್ರೂ ಬಿಡೇ," ಎಂದೆ.

"ಬೈದ್ರೆ ಮಾರ್ಕ್ಸ್ ಬರುತ್ತಾ?" ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ನಾನೇ ಮಾಡಿದ್ದಲ್ವಾ ಅಂತ ಬಾಯಿಗೇ ಇಟ್ಟು ನೋಡ್ಲಿಲ್ಲಮ್ಮ."

"ಆಸ್ಪತ್ರೆಯವರಿಗೆ ಏನು ಹೇಳ್ತೀಯ?"

"ನಾಳೆ ಹೋಗ್ತೀನಿ. ಒಲೆ ಹತ್ರ ಬಿಡಲ್ಲ. ಪಾತ್ರೆ ತೊಳೆಯೋಕೆ ಬಿಡ್ತಾರೇನೋ."

ಮನೆಯಲ್ಲಿ ಬಟ್ಟೆ ಬಕೆಟ್ಟಿನಲ್ಲಿ ಹಾಗೇ ಇತ್ತು. ಅದನ್ನು ಹಿಂಡಿ ಹರವಿ ಬಂದು ಅನ್ನಕ್ಕಿಟ್ಟೆ. ಅಭ್ಯಾಸಬಲದಿಂದ ಕೈ ಉಪ್ಪಿನ ಡಬ್ಬಿಗೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಅವಳು ಹಿಂದಿನಿಂದ ಬಂದು, ತಂದಿದ್ದ ಡಬ್ಬಿ ತೆರೆದು, ಆ ಕಂದು ರಸದಲ್ಲಿ ಒಂದು ಸೌಟು ಕುದಿಯುವ ನೀರಿಗೆ ಬಿಟ್ಟಳು.

"ಎಸೆಯೋದು ಬೇಡ. ದಿನಾ ಇಷ್ಟಿಷ್ಟು ಹಾಕು. ಬೇರೆ ಉಪ್ಪು ಬೇಡ."

ಬೆಂದ ಮೇಲೆ ಎರಡು ಅಗುಳು ತೆಗೆದು ನಾನೂ ನೋಡಿದೆ, ಅವಳೂ ನೋಡಿದಳು. ಉಪ್ಪು ಸರಿಯಾಗಿತ್ತು.